ಎರಡು ರಾತ್ರಿ ಬೆಡ್‌ನಲ್ಲಿದ್ರೂ ‘ಅಡ್ಮಿಟ್’ ಅಲ್ಲ! ಅಮೆರಿಕದಲ್ಲಿರೋ ಹಿರಿಯರು ಈ ನೋಟಿಸ್ ಓದ್ಲೇಬೇಕು

ಮಕ್ಕಳ ಜೊತೆ ಅಮೆರಿಕದಲ್ಲೇ ನೆಲೆಸಿರೋ ಹಿರಿಯರು ನಮ್ಮ ಕಡೆಯವರೂ ಇದ್ದಾರೆ. ಅಲ್ಲಿನ ಸರ್ಕಾರಿ ವಿಮೆ ಮೆಡಿಕೇರ್ ಇರುವವರು ಇದನ್ನ ತಿಳ್ಕೊಳ್ಳಿ. (ವಿಸಿಟರ್ ವೀಸಾದವರಿಗೆ ಈ ವಿಮೆ ಸಿಗಲ್ಲ.)

ನಮ್ಮಲ್ಲಿ ಬೆಡ್ ಮೇಲೆ ಮಲಗಿಸಿ ಡ್ರಿಪ್ ಹಾಕಿದ್ರೆ ಅಡ್ಮಿಟ್ ಆದ್ರು ಅಂತೀವಿ. ಅಲ್ಲಿ ಹಾಗಲ್ಲ. ಡಾಕ್ಟರ್ ಅಡ್ಮಿಟ್ ಅಂತ ಬರೆಯದೆ ‘ಅಬ್ಸರ್ವೇಷನ್’ನಲ್ಲಿಟ್ಟರೆ, ಎರಡು ರಾತ್ರಿ ಕಳೆದರೂ ಹೊರರೋಗಿಯೇ.

ಪೆಟ್ಟು ಬೀಳೋದು ಆಮೇಲೆ. ಡಿಸ್ಚಾರ್ಜ್ ಆಗಿ ನರ್ಸಿಂಗ್ ಕೇಂದ್ರಕ್ಕೆ ಹೋದರೆ, ಆ ಖರ್ಚು ಮೆಡಿಕೇರ್ ಕೊಡಲು ಸಾಮಾನ್ಯವಾಗಿ ಸತತ 3 ದಿನ ಒಳರೋಗಿಯಾಗಿರಬೇಕು. ಅಬ್ಸರ್ವೇಷನ್ ದಿನಗಳು ಲೆಕ್ಕಕ್ಕಿಲ್ಲ, ಡಿಸ್ಚಾರ್ಜ್ ದಿನವೂ ಇಲ್ಲ. ಬಿಲ್ ಮನೆಯವರ ತಲೆಗೆ.

ಅದಕ್ಕೇ 2015ರಲ್ಲಿ ಕಾನೂನು ಬಂತು. ಅಬ್ಸರ್ವೇಷನ್ 24 ಗಂಟೆ ದಾಟಿದರೆ, ಶುರುವಾದ 36 ಗಂಟೆಯೊಳಗೆ ಆಸ್ಪತ್ರೆ ‘ಮೂನ್’ ಎಂಬ ನೋಟಿಸ್ ಕೊಡಬೇಕು. ಯಾಕೆ ಅಡ್ಮಿಟ್ ಮಾಡಿಲ್ಲ, ಖರ್ಚಿನ ಕಥೆ ಏನು ಅಂತ ಬಾಯಲ್ಲೂ ವಿವರಿಸಬೇಕು. ಸಹಿ ಹಾಕಿದರೆ ಒಪ್ಪಿದಂಗಲ್ಲ. ನೋಟಿಸ್ ಸಿಕ್ಕಿದೆ, ಅರ್ಥವಾಗಿದೆ ಅಂತಷ್ಟೇ. ಇಂಗ್ಲಿಷ್ ಬರದ ಅಜ್ಜಿಗೆ ಅದು ಅರ್ಥವಾಗಬೇಕಲ್ಲ? ಮಗನೋ ಸೊಸೆಯೋ ಪಕ್ಕದಲ್ಲಿ ಕೂತು ಕೇಳಿಸ್ಕೊಳ್ಳಲಿ.

24 ಗಂಟೆಯೊಳಗೆ ಮನೆಗೆ ಕಳಿಸಿದರೆ ನೋಟಿಸ್ ಕೊಡಬೇಕಂತಿಲ್ಲ. ಹಾಗಾಗಿ ಇಲ್ಲಿಂದ ಫೋನ್ ಮಾಡೋರು ‘ಒಳರೋಗಿನಾ, ಅಬ್ಸರ್ವೇಷನ್ನಾ?’ ಅಂತ ದಿನಾ ಆಸ್ಪತ್ರೆಯವರನ್ನೇ ಕೇಳೋಕೆ ಹೇಳಿ. ಡಾಕ್ಟರ್ ಹತ್ತಿರ ಮಾತಾಡೋದಿದ್ದರೆ ಡಿಸ್ಚಾರ್ಜ್‌ಗೆ ಮುಂಚೆಯೇ ಮಾತಾಡಲಿ.