ಪ್ರೈಮರ್‌ಗೆ ಎಷ್ಟು ಡಿಗ್ರಿ?

ಎಲೆಕ್ಟ್ರಾನಿಕ್ ಸಿಟಿ ಎಂದರೆ ಸಾಫ್ಟ್‌ವೇರ್ ಎಂದೇ ಬಹಳ ಜನರ ಲೆಕ್ಕ. ಆದರೆ ಜೈವಿಕ ತಂತ್ರಜ್ಞಾನ ಕಲಿಸುವ ಐಬಿಎಬಿ ಸಂಸ್ಥೆ ಇರುವುದೂ ಅಲ್ಲೇ. ಪಕ್ಕದ ಬೊಮ್ಮಸಂದ್ರದಲ್ಲಿ ಬಯೋಕಾನ್, ಸಿಂಜೀನ್ ಇವೆ. ಇಂಥ ಕಡೆ ಕೆಲಸ ಕಲಿಯಲು ಬರುವ ಹುಡುಗ ಹುಡುಗಿಯರು, ಡಿಎನ್‌ಎ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರ್‌ನಲ್ಲಿ ಹೆಚ್ಚಾಗಿ ಎಡವುವುದು ಅನೀಲಿಂಗ್ ತಾಪಮಾನದಲ್ಲಿ.

ಪಿಸಿಆರ್‌ನ ಪ್ರತಿ ಸುತ್ತಿಗೂ ಸಾಮಾನ್ಯವಾಗಿ ಮೂರು ಹಂತ. 95 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಡಿಎನ್‌ಎಯ ಎರಡೆಳೆ ಬಿಡಿಯಾಗುತ್ತವೆ. 72ರಲ್ಲಿ ಟ್ಯಾಕ್ ಕಿಣ್ವ ಹೊಸ ಎಳೆ ಕಟ್ಟುತ್ತದೆ. ಇವೆರಡೂ ಹೆಚ್ಚುಕಡಿಮೆ ಬದಲಾಗುವುದಿಲ್ಲ. ನಡುವೆ, ನಕಲಿಗೆ ಆರಂಭ ಕೊಡುವ ಸುಮಾರು 20 ಅಕ್ಷರಗಳ ಡಿಎನ್‌ಎ ತುಣುಕಾದ ಪ್ರೈಮರ್ ತನ್ನ ಜಾಗ ಹುಡುಕಿ ಕೂರುವ ಅನೀಲಿಂಗ್ ಹಂತದ ತಾಪ ಮಾತ್ರ ಒಂದೊಂದು ಪ್ರೈಮರ್ ಜೋಡಿಗೆ ಒಂದೊಂದು. ಅದು ಕಡಿಮೆಯಾದರೆ ಪೂರ್ತಿ ಹೊಂದದ ಜಾಗಕ್ಕೂ ಪ್ರೈಮರ್ ಅಂಟಿಕೊಂಡು, ಜೆಲ್‌ನಲ್ಲಿ ಒಂದು ಬ್ಯಾಂಡ್ ಬರಬೇಕಾದಲ್ಲಿ ನಾಲ್ಕಾರು ಮೂಡುತ್ತವೆ. ಜಾಸ್ತಿಯಾದರೆ ಬ್ಯಾಂಡೇ ಇಲ್ಲ.

ಕೈಲೆಕ್ಕಕ್ಕೆ ವ್ಯಾಲೇಸ್ ಸೂತ್ರವಿದೆ: ಎ, ಟಿ ಅಕ್ಷರಕ್ಕೆ 2 ಡಿಗ್ರಿ, ಜಿ, ಸಿ ಅಕ್ಷರಕ್ಕೆ 4. ಜಿ-ಸಿ ಜೋಡಿಯ ಹಿಡಿತ ಹೆಚ್ಚು ಬಿಗಿ, ಅದಕ್ಕೇ ಈ ವ್ಯತ್ಯಾಸ. 20 ಅಕ್ಷರಗಳಲ್ಲಿ 10 ಜಿ, ಸಿ ಇದ್ದರೆ 60 ಡಿಗ್ರಿ. ಅರ್ಧದಷ್ಟು ಪ್ರೈಮರ್‌ಗಳು ಕಳಚಿಕೊಳ್ಳುವ ತಾಪ ಅದು. ಅದಕ್ಕಿಂತ 3ರಿಂದ 5 ಡಿಗ್ರಿ ಕೆಳಗೆ ಅನೀಲಿಂಗ್ ಶುರುಮಾಡುವುದು ರೂಢಿ. ಜೋಡಿಯ ಎರಡು ಪ್ರೈಮರ್‌ಗಳಲ್ಲಿ ಯಾವುದರ ಅಂಕಿ ಕಡಿಮೆಯೋ ಅದನ್ನೇ ಹಿಡಿಯಬೇಕು. ಕ್ಷಯದ ಬ್ಯಾಕ್ಟೀರಿಯಾದ ಜೀನೋಮ್‌ನಲ್ಲಿ ಜಿ, ಸಿ ಪಾಲು ಶೇ. 65ರಷ್ಟು, ಮಲೇರಿಯಾದ ಪ್ಲಾಸ್ಮೋಡಿಯಂ ಫಾಲ್ಸಿಪಾರಂನಲ್ಲಿ ಶೇ. 20ರ ಆಸುಪಾಸು. ಎರಡಕ್ಕೂ ಒಂದೇ ತಾಪ ಹೊಂದೀತೆಂದು ನೆಚ್ಚಿಕೊಳ್ಳುವಂತಿಲ್ಲ. ಅಷ್ಟೇಕೆ, ಕೊರೋನಾ ವೈರಸ್ ಒಂದಕ್ಕೇ 2020ರಲ್ಲಿ ಅಮೆರಿಕದ ಸಿಡಿಸಿ 55 ಡಿಗ್ರಿ ಇಟ್ಟಿತು, ಬರ್ಲಿನ್‌ನ ಶಾರಿಟೆ ಆಸ್ಪತ್ರೆಯವರು 58. ಪ್ರೈಮರ್‌ಗಳು ಬೇರೆ ಬೇರೆ.

ಆದರೆ ಈ ಸೂತ್ರಕ್ಕೆ ನಿಮ್ಮ ಬಫರ್‌ನ ಲವಣ, ಮೆಗ್ನೀಸಿಯಂ ಎಷ್ಟೆಂದು ಗೊತ್ತಿಲ್ಲ. ಮೆಗ್ನೀಸಿಯಂ ಹೆಚ್ಚಿದಷ್ಟೂ ಹಿಡಿತ ಬಿಗಿಯಾಗುತ್ತದೆ. ಹಾಗಾಗಿ ಪ್ರಬಂಧದಲ್ಲಿ ಕಂಡ ಅಂಕಿಯನ್ನು ಹಾಗೇ ಇಳಿಸಿಕೊಳ್ಳುವ ಅಭ್ಯಾಸ ಸರಿಯಲ್ಲ. ಗ್ರೇಡಿಯೆಂಟ್ ಸೌಲಭ್ಯವಿರುವ ಯಂತ್ರದಲ್ಲಿ ಒಂದೇ ಮಿಶ್ರಣವನ್ನು ಸಾಲು ಟ್ಯೂಬ್‌ಗಳಿಗೆ ಹಂಚಿ, 52ರಿಂದ 64ರವರೆಗೆ ಒಮ್ಮೆಲೇ ನೋಡಬಹುದು. ಜೆಲ್‌ನಲ್ಲಿ ಎಡದಿಂದ ಬಲಕ್ಕೆ ಬೇಡದ ಬ್ಯಾಂಡ್‌ಗಳು ಒಂದೊಂದಾಗಿ ಕಳಚುತ್ತ ಹೋಗುತ್ತವೆ. ಕೊನೆಗೆ ಬೇಕಾದದ್ದೂ ಮಂಕಾಗುತ್ತದೆ. ಒಂದೇ ಬ್ಯಾಂಡ್ ಗಟ್ಟಿಯಾಗಿ ಉಳಿಯುವ ಅತಿ ಹೆಚ್ಚಿನ ತಾಪವೇ ನಿಮ್ಮದು.

ಹೊಸ ಪ್ರೈಮರ್ ಕೈಗೆ ಬಂದಾಗ ಮಾದರಿಗಳನ್ನು ಹಾಕುವ ಮೊದಲು ಈ ಒಂದು ಓಟ ಓಡಿಸಿ. ಬಫರ್ ಅಥವಾ ಕಿಣ್ವದ ಕಂಪನಿ ಬದಲಾದರೆ ಮತ್ತೆ ಓಡಿಸಿ.