ಹೇಳದ ಮೇಡಂ

ಮೊಮ್ಮಗ ವಸತಿ ಶಾಲೆಯಲ್ಲಿ ಏಳನೇ ತರಗತಿ. ದಸರಾ ರಜೆ ಮುಗಿಸಿ ಹೋದವನು ಭಾನುವಾರದ ಫೋನಿನಲ್ಲಿ ಬರೀ ‘ಹ್ಞೂಂ’, ‘ಉಹ್ಞೂಂ’. ಒಂದು ವಾರ ಮಾತ್ರ, “ತಾತ, ಕೌನ್ಸೆಲರ್ ಮೇಡಂ ಹತ್ರ ಮಾತಾಡಿದೆ” ಅಂದ. ಅವರ ಕೋಣೆ ಲೈಬ್ರರಿ ಪಕ್ಕದಲ್ಲೇ ಅಂತೆ. ಯಾರು ಯಾಕೆ ಆ ಕಡೆ ಹೋದರೋ ಗೊತ್ತಾಗುವುದಿಲ್ಲ. ಏನು ಮಾತಾಡಿದೆ ಎಂದರೆ ಹೇಳಲೊಲ್ಲ.

ತಡೆಯಲಾರದೆ ಮೇಡಂಗೇ ಫೋನ್ ಮಾಡಿದೆ. “ಅವನು ಹೇಳಿಕೊಂಡದ್ದನ್ನು ನಾನು ಹೇಳುವಂತಿಲ್ಲ ಸಾರ್. ಅವನಿಗೆ ಅಪಾಯವಿದ್ದರೆ, ಯಾರಾದರೂ ಕಿರುಕುಳ ಕೊಡುತ್ತಿದ್ದರೆ ಮಾತ್ರ ಸುಮ್ಮನಿರುವುದಿಲ್ಲ. ಅದನ್ನು ಅವನಿಗೂ ಮೊದಲೇ ಹೇಳಿದ್ದೇನೆ” ಎಂದರು.

ಸಿಟ್ಟು ಬಂತು. ಆಮೇಲೆ ಬ್ಯಾಂಕಿಗೆ ಸೇರಿದ ದಿನ ನೆನಪಾಯಿತು. ಗ್ರಾಹಕರ ವ್ಯವಹಾರ ಹೊರಗೆ ಬಿಡುವುದಿಲ್ಲವೆಂದು ನನ್ನಿಂದ ರುಜು ಹಾಕಿಸಿಕೊಂಡಿದ್ದರು. ಕೆಲಸದಲ್ಲಿದ್ದ ಮಗನ ಖಾತೆಯಲ್ಲೆಷ್ಟಿದೆ ಎಂದು ಹೆತ್ತ ಅಪ್ಪನೇ ಕೇಳಿದರೂ ನಾನು ತುಟಿ ಬಿಚ್ಚಿದವನಲ್ಲ!

ಮಕ್ಕಳೇ, ನಿಮ್ಮ ಹಾಸ್ಟೆಲಿನಲ್ಲಿ ಅಂಥ ಮೇಡಂ ಇಲ್ಲದಿದ್ದರೆ, ಕಷ್ಟಕ್ಕೆ 1098 ಮಕ್ಕಳ ಸಹಾಯವಾಣಿ ಇದೆ. ಮನಸ್ಸಿನ ತಳಮಳಕ್ಕೆ 2022ರಲ್ಲಿ ಶುರುವಾದ ಟೆಲಿ ಮನಸ್, 14416. ಹಗಲು ರಾತ್ರಿ ಎನ್ನದೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಕಳೆದ ಭಾನುವಾರ ಮೊಮ್ಮಗ ವಾಲಿಬಾಲ್ ಪಂದ್ಯದ ಕಥೆ ಪೂರ್ತಿ ಹೇಳಿದ. ಆ ವಿಷಯ ನಾನು ಎತ್ತಲಿಲ್ಲ.