ಒಂದೇ ‘ಕೇಳು’, ಇಂಗ್ಲಿಷಿನಲ್ಲಿ ಮೂರು

ನಮ್ಮಲ್ಲಿ ಪ್ರಶ್ನೆಯನ್ನೂ ಕೇಳುತ್ತೇವೆ, ಹಾಡನ್ನೂ ಕೇಳುತ್ತೇವೆ, ಪಕ್ಕದ ಮನೆಯ ಜಗಳವೂ ಕೇಳುತ್ತದೆ. ಇಂಗ್ಲಿಷಿಗೆ ಹೋದರೆ ಈ ಒಂದು ‘ಕೇಳು’ ಆಸ್ಕ್, ಲಿಸನ್, ಹಿಯರ್ ಎಂದು ಮೂರಾಗುತ್ತದೆ. ಕಾನಹೊಸಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಬಿ.ಇ. ಮಾಡುತ್ತಿರುವ ನನಗೆ, ಕ್ಯಾಂಪಸ್ ಸಂದರ್ಶನದ ತಯಾರಿಯಲ್ಲಿ ಗಣಿತಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತಿರುವುದು ಇಂಥ ಕ್ರಿಯಾಪದಗಳೇ.

ಶಬ್ದ ತಾನಾಗಿ ಕಿವಿಗೆ ಬಿದ್ದರೆ ಹಿಯರ್. ನಾವೇ ಕಿವಿಗೊಟ್ಟರೆ ಲಿಸನ್, ಅದಕ್ಕೆ ‘ಟು’ ಬಾಲ ಬೇಕು. ‘ನೋಡು’ ಕೂಡ ಹೀಗೆಯೇ. ಹೆದ್ದಾರಿಯಲ್ಲಿ ಲಾರಿ ಕಣ್ಣಿಗೆ ಬಿದ್ದರೆ ಸೀ, ಬಸ್ಸಿನ ಬೋರ್ಡಿನತ್ತ ಕಣ್ಣು ಹಾಯಿಸಿದರೆ ಲುಕ್ ಅಟ್, ಕೂತು ಕ್ರಿಕೆಟ್ ನೋಡಿದರೆ ವಾಚ್. ಸಾಲ ಕೊಟ್ಟವನದು ಲೆಂಡ್, ತಗೊಂಡವನದು ಬಾರೋ.

ಹೆಚ್ಚು ಕಾಡುವ ಜೋಡಿ ಸೇ–ಟೆಲ್. ಟೆಲ್ ಬಂದರೆ ಯಾರಿಗೆ ಎಂಬುದು ಸಾಮಾನ್ಯವಾಗಿ ಒಡನೆಯೇ ಬರಬೇಕು: ಟೆಲ್ ಮಿ. ಸೇಗೆ ನಡುವೆ ‘ಟು’ ಬೇಕು. ಟೆಲ್ ಮಿ ನೋಡಿ ‘ಎಕ್ಸ್‌ಪ್ಲೇನ್ ಮಿ’ ಎನ್ನುವವರು ಬಹಳ; ಅದು ಎಕ್ಸ್‌ಪ್ಲೇನ್ ಇಟ್ ಟು ಮಿ. ನಾವು ‘ಕುರಿತು’ ಚರ್ಚಿಸುತ್ತೇವೆ, ಆದರೆ ಡಿಸ್ಕಸ್‌ಗೆ ‘ಅಬೌಟ್’ ಬೇಡ.

ನಮ್ಮ ತರಗತಿಯಲ್ಲಿ ಕೋಡಿಂಗ್‌ಗೆ ಎಲ್ಲರೂ ಹುಡುಕಿಕೊಂಡು ಹೋಗುವ ಗೆಳತಿಯೊಬ್ಬಳಿದ್ದಾಳೆ. ಗುಂಪು ಚರ್ಚೆಯಲ್ಲಿ ಅವಳು ಬಾಯಿಯೇ ಬಿಡಲಿಲ್ಲ. ಸೇ ಎನ್ನಲೋ ಟೆಲ್ ಎನ್ನಲೋ ಎಂದು ಒಳಗೇ ತೂಗುವಷ್ಟರಲ್ಲಿ ಸಮಯ ಮುಗಿದಿತ್ತು. ಬಂದ ಕಂಪನಿಯವರು ಮುಂದಿನ ಸುತ್ತಿಗೆ ಕರೆಯಲಿಲ್ಲ. ಗೊತ್ತಿದ್ದ ವಿಷಯವೇ ಅದು ಎಂಬುದು ನನಗಿನ್ನೂ ಚುಚ್ಚುತ್ತದೆ. ಅಂಥ ಹೊತ್ತಿನಲ್ಲಿ ತಪ್ಪು ಕ್ರಿಯಾಪದವಾದರೂ ಸರಿ, ಮಾತು ಹೊರಬರಬೇಕು ಎಂದೇ ನನ್ನ ವಾದ.

ಹಾಗೆಂದು ಇಂಗ್ಲಿಷೇ ಸೂಕ್ಷ್ಮ, ಕನ್ನಡ ಒರಟು ಅನ್ನುವಂತಿಲ್ಲ. ನಮ್ಮಲ್ಲಿ ಸೀರೆ ಉಡಬೇಕು, ಬಳೆ ತೊಡಬೇಕು, ಹೂ ಮುಡಿಯಬೇಕು. ಅವರಿಗೆ ಎಲ್ಲಕ್ಕೂ ವೇರ್ ಸಾಕು. ಶೇಂಗಾ ಕೀಳುತ್ತೇವೆ, ಜೋಳ ಕೊಯ್ಯುತ್ತೇವೆ, ಹತ್ತಿ ಬಿಡಿಸುತ್ತೇವೆ. ಜರ್ಮನಿಯಿಂದ ಬಂದ ಕಿಟೆಲ್ 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಹೊರತರುವ ಹೊತ್ತಿಗೆ ಇವನ್ನೆಲ್ಲ ಹೇಗೆ ಬಿಡಿಸಿಕೊಂಡರೋ!

ಈಗ ನಾವು ನಾಲ್ವರು ಹಾಸ್ಟೆಲಿನಲ್ಲಿ ರಾತ್ರಿ ಊಟವಾದ ಮೇಲೆ ದಿನಕ್ಕೊಂದು ಜೋಡಿ ಹಿಡಿಯುತ್ತೇವೆ. ಅರ್ಥ ಬರೆಯುವುದಿಲ್ಲ, ನಮ್ಮೂರಿನದೇ ವಾಕ್ಯ ಬರೆಯುತ್ತೇವೆ, ಬಾಲದ ಸಮೇತ. ನಿನ್ನೆ ಸ್ಟೀಲ್–ರಾಬ್: ಕದ್ದ ವಸ್ತುವಿಗೆ ಸ್ಟೀಲ್, ಕಳೆದುಕೊಂಡ ಮನುಷ್ಯನಿಗೋ ಬ್ಯಾಂಕಿಗೋ ರಾಬ್. ಇವತ್ತು ರೈಸ್–ರೇಸ್. ಟೊಮೆಟೊ ಬೆಲೆ ಏರಿತು, ವ್ಯಾಪಾರಿ ಬೆಲೆ ಏರಿಸಿದ. ಇದೊಂದು ಸಲೀಸು, ಕನ್ನಡದಲ್ಲೇ ಎರಡಿವೆ.